ಎಡಗೈಯಲ್ಲಿ ಕೊಟ್ಟ ಕಾಫಿ

ನಮ್ಮ ಮಾವನವರ ಬಲಗೈ ತೋರುಬೆರಳಿನ ಹಿಂಬದಿಯ ಚರ್ಮ ಕಪ್ಪಗೆ, ಗಟ್ಟಿಯಾಗಿ, ಒಣಗಿದ ಹುಣಸೆ ಸಿಪ್ಪೆಯ ಹಾಗಿತ್ತು. ಹಾಲು ಎಷ್ಟು ಕಾದಿದೆ ಎಂದು ತಿಳಿಯಲು ಅವರು ಮುಚ್ಚಳ ತೆಗೆದು ನೋಡುತ್ತಿರಲಿಲ್ಲ. ಆ ಬೆರಳನ್ನು ಮಡಿಸಿ, ಅದರ ಬೆನ್ನನ್ನು ಪಾತ್ರೆಯ ಹೊರಮೈಗೆ ಒತ್ತಿ, ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಮೂವತ್ತೈದು ವರ್ಷ ಹಾಗೆ ಒತ್ತಿದ ಬೆರಳು ಅದು.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವರದೊಂದು ಸಣ್ಣ ಹೋಟೆಲು. ನಾಲ್ಕು ಬೆಂಚು, ಒಂದು ಬಾಯ್ಲರು, ಗೋಡೆಯ ಮೇಲೆ ಬಸವಣ್ಣನ ಪಟ. ಬಂಡೀಪುರದ ಗೇಟು ರಾತ್ರಿ ಮುಚ್ಚುತ್ತದಲ್ಲ, ಬೆಳಿಗ್ಗೆ ತೆಗೆಯುವ ಹೊತ್ತಿಗೆ ಅಲ್ಲಿರಬೇಕೆಂದು ಹೊರಡುವ ಲಾರಿಯವರು ನಮ್ಮ ಮಾವನ ಕಾಫಿ ಕುಡಿದೇ ಮುಂದಕ್ಕೆ ಹೋಗುತ್ತಿದ್ದರು. ಕೇರಳದ ಡ್ರೈವರುಗಳು ಕೆಳಗೆ ಇಳಿಯುತ್ತಲೂ ಇರಲಿಲ್ಲ, ಕಿಟಕಿಯಿಂದ ಕೈ ಚಾಚುತ್ತಿದ್ದರು. ಮಾವ ಆ ಕೈಗೇ ಲೋಟ ಕೊಡುತ್ತಿದ್ದರು. ಒಳಗೆ ಬೆಂಚಿನ ಮೇಲೆ ಕೂತವರಿಗೂ ಅಷ್ಟೇ. ಮೇಜಿನ ಮೇಲೆ ಲೋಟ ಇಟ್ಟು ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ಹೊಸದಾಗಿ ಸೇರಿದ ಸಪ್ಲೈಯರ್ ಯಾರಾದರೂ ಹಾಗೆ ಮಾಡಿದರೆ, "ಕಾಫಿಯ ಕೈಯಿಂದ ಕೈಗೇ ಕೊಡ್ಬೇಕು ಕಣ್ಲಾ. ಕುಕ್ಬುಟ್ಟು ಬರಕೆ ಅದೇನು ದನಕ್ಕೆ ಆಕೋ ಬೂಸಾನಾ?" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಅವರು ತಮ್ಮ ಮಗನಿಗೆ ನನ್ನನ್ನು ನೋಡಲು ಬಂದ ದಿನ. ನಮ್ಮೂರು ಚಾಮರಾಜನಗರದ ಪಕ್ಕದಲ್ಲಿ. ಅಮ್ಮ ಕಾಫಿಪುಡಿ ಮುಗಿದಿರುವುದನ್ನು ಕೊನೇ ಗಳಿಗೆಯಲ್ಲಿ ನೋಡಿ, ಫಿಲ್ಟರಿನಲ್ಲಿದ್ದ ಬೆಳಗಿನ ಪುಡಿಗೇ ಇನ್ನೊಂದು ಸಲ ಬಿಸಿನೀರು ಹುಯ್ದಿದ್ದಳು. ನಾನು ತಟ್ಟೆ ಹಿಡಿದು ಬಂದೆ. ಮಾವ ಒಂದು ಗುಟುಕು ಕುಡಿದರು, ನನ್ನ ಮುಖ ನೋಡಿದರು, ಎದ್ದು ನಿಂತರು. ಸಂಬಂಧ ಮುರಿದೇ ಹೋಯಿತು ಎಂದುಕೊಂಡಳಂತೆ ಅಮ್ಮ. "ಅಡುಗೆಮನೆ ಯಾವ ಕಡೆ?" ಎಂದು ಕೇಳಿ ಒಳಗೇ ಬಂದುಬಿಟ್ಟರು. ತಮ್ಮ ಕಾರಿನಲ್ಲಿದ್ದ ಹೋಟೆಲಿನ ಪುಡಿ ತರಿಸಿ, ನಮ್ಮ ಒಲೆಯ ಮುಂದೆ ನಿಂತು ಎಲ್ಲರಿಗೂ ಅವರೇ ಕಾಫಿ ಮಾಡಿದರು. ಮೊದಲ ಲೋಟ ನನ್ನ ಕೈಗೆ ಕೊಟ್ಟರು.

"ಕುಡಿ ಕಣವ್ವ. ಉಡುಗ ಒಪ್ಗೆ ಆದ್ರೆ ಏಳು. ಆಗ್ದಿದ್ರೆ ಕಾಫಿ ಕುಡ್ದು ಸುಮ್ಕಿರು, ನಾವೇನೂ ಅಂದ್ಕೊಳಕಿಲ್ಲ."

ನಾನು ಒಪ್ಪಿಕೊಂಡದ್ದು ಆ ಕಾಫಿಯನ್ನು. ಹುಡುಗನನ್ನು ಸರಿಯಾಗಿ ನೋಡಿದ್ದು ಆಮೇಲೆ. ಇದನ್ನು ನಮ್ಮ ಯಜಮಾನರ ಮುಂದೆಯೂ ಹೇಳಿದ್ದೇನೆ. ಅವರು ಬಂಡೀಪುರ ಕಾಡಿನ ಮದ್ದೂರು ವಲಯದಲ್ಲಿ ಫಾರೆಸ್ಟ್ ಗಾರ್ಡು, ಆನೆಗಳ ಜೊತೆ ಇದ್ದೂ ಇದ್ದೂ ಇಂಥ ಮಾತಿಗೆಲ್ಲ ಬೇಸರ ಮಾಡಿಕೊಳ್ಳುವುದನ್ನು ಬಿಟ್ಟಿದ್ದಾರೆ. ವಾರದಲ್ಲಿ ಎರಡು ದಿನ ಮನೆಗೆ ಬಂದರೆ ಹೆಚ್ಚು.

ಮದುವೆಯಾಗಿ ಆರನೇ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗಾಲು ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಬಲಗೈ ಮಾತ್ರ ಹೋಗಿಯೇ ಹೋಯಿತು. ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಒಂದು ವರ್ಷ ಅವರು ಹಜಾರದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಅತ್ತೆ ಕಾಫಿ ಕೊಟ್ಟರೆ ಕುಡಿಯುತ್ತಿದ್ದರು. ಹಾಲು ಸೀದಿದ್ದರೂ, ಡಿಕಾಕ್ಷನ್ ನೀರಾಗಿದ್ದರೂ ಒಂದು ಮಾತಿಲ್ಲ. ಮದುವೆಯಾದಂದಿನಿಂದ ಅತ್ತೆಯ ಕಾಫಿಯಲ್ಲಿ ತಪ್ಪು ಹುಡುಕಿದ ಮನುಷ್ಯ ಹೀಗೆ ಸುಮ್ಮನೆ ಕುಡಿದು ಲೋಟ ಕೆಳಗಿಡುವುದನ್ನು ಕಂಡು ನಮಗೆ ಹೆದರಿಕೆಯಾಗುತ್ತಿತ್ತು. ಅತ್ತೆ ಒಂದು ದಿನ ಬೇಕೆಂದೇ ಸಕ್ಕರೆ ಹಾಕದೆ ಕೊಟ್ಟು ನೋಡಿದರು. ಅದನ್ನೂ ಕುಡಿದರು. ಅತ್ತೆ ಅಡುಗೆಮನೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ನನಗೆ ಕ್ವಾಲಿಟಿ ಚೆಕ್ಕಿಂಗ್ ಕೆಲಸ. ಅಲ್ಲಿನ ಗೆಸ್ಟ್ ರೂಮಿನಲ್ಲಿ ಒಂದು ಕಾಫಿ ಮೆಷಿನ್ ಇತ್ತು, ಒಂದು ಸಲಕ್ಕೆ ಒಂದೇ ಲೋಟ ಕೊಡುವಂಥದ್ದು. ಹಿಂದೆ ನೀರಿನ ಡಬ್ಬ, ಮೇಲೆ ಮುಚ್ಚಳ. ಮುಚ್ಚಳ ಎತ್ತಿ, ಪುಡಿ ತುಂಬಿ ಸೀಲು ಮಾಡಿದ ಒಂದು ಪುಟ್ಟ ಕ್ಯಾಪ್ಸುಲ್ ಇಟ್ಟು, ಮುಚ್ಚಿ, ಗುಂಡಿ ಒತ್ತಿದರೆ ಬಿಸಿಬಿಸಿ ಡಿಕಾಕ್ಷನ್ ಇಳಿಯುತ್ತದೆ. ಅದು ಕೆಟ್ಟಾಗಲೆಲ್ಲ ಎಲ್ಲರೂ ಅದರ ತಲೆಗೆ ಬಡಿಯುತ್ತಿದ್ದರು. ಅದರ ಜೊತೆ ಬಂದ ಪುಸ್ತಕವನ್ನು ಓದಿದವಳು ನಾನೊಬ್ಬಳೇ, ಆದ್ದರಿಂದ ಸರಿ ಮಾಡುವವಳೂ ನಾನೇ ಆದೆ. ಗೆಸ್ಟ್ ರೂಮಿಗೆ ದೊಡ್ಡ ಮೆಷಿನ್ ಬಂದಾಗ ಮ್ಯಾನೇಜರು, "ಇದರ ಕಷ್ಟಸುಖ ನಿಮಗೇ ಗೊತ್ತಿರೋದು, ನೀವೇ ತಗೊಂಡು ಹೋಗಿ" ಎಂದರು. ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಗೆ ತಂದೆ. ಮನಸ್ಸಿನಲ್ಲಿದ್ದದ್ದು ಒಂದೇ. ಇದಕ್ಕೆ ಒಂದು ಕೈ ಸಾಕು.

ಮಾವನ ಮುಂದೆ ಇಟ್ಟು ಎಲ್ಲ ತೋರಿಸಿದೆ. ಅವರು ಕ್ಯಾಪ್ಸುಲನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಬಿಪಿಗೊಂದು ಮಾತ್ರೆ ಆಯ್ತು, ಸಕ್ರೆ ಕಾಯ್ಲೆಗೊಂದು ಆಯ್ತು, ಈಗ ಕಾಫಿಗೂ ಒಂದು ಮಾತ್ರೆ ತಂದ್ಯಾ" ಎಂದು ಮತ್ತೆ ಗೋಡೆಗೆ ತಿರುಗಿಕೊಂಡರು.

ಮಾರನೇ ದಿನ ಸಂಜೆ ಬಂದು ನೋಡುತ್ತೇನೆ, ಮೆಷಿನ್ನಿನಿಂದ ಹುಳಿ ವಾಸನೆ. ಗುಂಡಿ ಒತ್ತಿದರೆ ಗೊರಗೊರ ಅನ್ನುತ್ತದೆ, ಒಂದು ಹನಿಯೂ ಇಳಿಯದು. ನೀರಿನ ಡಬ್ಬದ ತುಂಬ ಒಡೆದ ಹಾಲು.

"ಅತ್ತೆ, ಯಾರು ಇದಕ್ಕೆ ಹಾಲು ಹಾಕಿದ್ದು?"

ಅತ್ತೆ ಮಂಚದ ಕಡೆ ಗಲ್ಲ ಎತ್ತಿ ತೋರಿಸಿದರು. ಮಾವ ತಿರುಗದೆಯೇ ಉತ್ತರ ಕೊಟ್ಟರು: "ನೀರ್ ಕಾಫಿಯ ಯಾರ್ ಕುಡ್ದಾರು ಅಂತ ಆಲು ಉಯ್ದೆ. ಅದ್ಕೆ ಅದು ಗೊತ್ತಾಗ್ದಿದ್ರೆ ನಾನ್ಯಾನ ಮಾಡ್ಲಿ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೈಯಲು ಬಾಯಿ ತೆರೆದವಳಿಗೆ ತಟ್ಟನೆ ಹೊಳೆಯಿತು. ಒಂದು ವರ್ಷದಿಂದ ಗೋಡೆ ನೋಡುತ್ತಿದ್ದ ಮನುಷ್ಯ, ನಾವು ಯಾರೂ ನೋಡದಾಗ ಎದ್ದು, ಕಾಲೆಳೆದುಕೊಂಡು ಬಂದು, ಕಾಫಿ ಮಾಡಲು ನೋಡಿದ್ದಾರೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ನಾರುವ ಡಬ್ಬವನ್ನು ಹಾಡು ಗುನುಗಿಕೊಂಡು ತೊಳೆದೆ. ಬಿಸಿನೀರು ನಾಲ್ಕು ಸಲ ಹಾಯಿಸಿದೆ, ನಿಂಬೆ ಉಪ್ಪು ಕರಗಿಸಿ ಎರಡು ಸಲ ಹಾಯಿಸಿದೆ. ಫ್ಯಾಕ್ಟರಿಯ ಬೋರಿನ ನೀರಿನಿಂದ ಒಳಗೆ ಕಟ್ಟಿದ್ದ ಬಿಳಿ ಸುಣ್ಣವೂ ಅದರ ಜೊತೆಗೇ ಉದುರಿತು. ರಾಗಿ ಮುದ್ದೆ ತಿರುವುವ ಹೊತ್ತಿಗೆ ಮೆಷಿನ್ ಸರಿಯಾಗಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರೇ ಎದ್ದು ಬಂದರು. ಅರ್ಧ ಲೋಟ ಬಿಸಿ ಹಾಲನ್ನು ನಳಿಗೆಯ ಕೆಳಗೆ ಇಟ್ಟುಕೊಟ್ಟೆ. ಎಡಗೈಯಲ್ಲಿ ಮುಚ್ಚಳ ಎತ್ತಿ, ಕ್ಯಾಪ್ಸುಲ್ ಇಟ್ಟು, ಮುಚ್ಚಿ, ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು, ಡಿಕಾಕ್ಷನ್ ಹಾಲಿನ ಮೇಲೆ ಇಳಿಯಿತು. ಮಾವ ಲೋಟವನ್ನು ಅಲ್ಲೇ ಬಿಟ್ಟು ಮಂಚಕ್ಕೆ ಹೋದರು. ಆದರೆ ಕೂತರು, ಮಲಗಲಿಲ್ಲ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಬಂದು ಮತ್ತೆ ಪ್ರಯತ್ನಿಸಿದರು. ಕೆಂಪು ದೀಪ ಮಿನುಗಿತು. ಇನ್ನೊಂದು ಕ್ಯಾಪ್ಸುಲ್ ಇಟ್ಟರು. ಮತ್ತೆ ಕೆಂಪು. ನಾನು ಸ್ನಾನ ಮುಗಿಸಿ ಬಂದು ಮೆಷಿನ್ ಒರೆಸಿ ಬೇರೆ ಕ್ಯಾಪ್ಸುಲ್ ಇಟ್ಟೆ, ಹಸಿರು ಬಂತು. ಮಂಗಳವಾರ ಅದೇ ಕಥೆ. ಬುಧವಾರವೂ ಅದೇ. ಅವರು ಮುಟ್ಟಿದರೆ ಕೆಂಪು, ನಾನು ಮುಟ್ಟಿದರೆ ಹಸಿರು.

ಗುರುವಾರ ಅವರು ಅಡುಗೆಮನೆಗೆ ಬರಲಿಲ್ಲ. ಕರೆಯಲು ಹೋದೆ.

"ಬುಡವ್ವ. ಅದ್ಕೂ ಗೊತ್ತಾಯ್ತದೆ, ಎಡಗೈ ಅಂತ."

ನಗುತ್ತಾ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಎಡಗೈಯಲ್ಲಿ ಕೊಡುವುದು, ಎಡಗೈಯಲ್ಲಿ ಇಸಿದುಕೊಳ್ಳುವುದು ನಮ್ಮ ಕಡೆ ಅವಮಾನ ಮಾಡಿದ ಹಾಗೆ. ಮೂವತ್ತೈದು ವರ್ಷ ಕೈಯಿಂದ ಕೈಗೆ ಕಾಫಿ ಕೊಟ್ಟ ಮನುಷ್ಯನಿಗೆ ಕೊಡುವ ಕೈಯೇ ಹೋಗಿತ್ತು. ಭಾನುವಾರ ಆ ಲೋಟವನ್ನು ಅವರು ಅಲ್ಲೇ ಏಕೆ ಬಿಟ್ಟು ಹೋದರು ಎಂಬುದು ನನಗೆ ಆಗ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಕಾಫಿ ಕುಡಿಯುವುದಲ್ಲ, ಕೊಡುವುದು. ಅದು ಕೈಗೂಡದಿದ್ದರೆ ಈ ಮನುಷ್ಯ ಮತ್ತೆ ಗೋಡೆಗೆ ತಿರುಗಿ ಮಲಗುತ್ತಾರೆ, ಆಮೇಲೆ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಕ್ಯಾಪ್ಸುಲ್ ಡಬ್ಬದ ಮೇಲಿದ್ದ ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಪ್ಲಗ್ ತೆಗೆದು ಹಾಕಿ ಮೇಡಂ ಎಂದಳು. ಪ್ಲಗ್ ತೆಗೆದು ಹಾಕುವುದಕ್ಕೆ ನಿನ್ನನ್ನು ಕೇಳಬೇಕಿತ್ತೇ ತಾಯಿ ಎಂದು ಫೋನು ಇಟ್ಟೆ. ಫ್ಯಾಕ್ಟರಿಯ ನಮ್ಮ ಲೈನಿನಲ್ಲಿ ಒಂದು ಮಾತಿದೆ: ತಪ್ಪು ಯಾವಾಗಲೂ ಒಂದೇ ಶಿಫ್ಟಿನಲ್ಲಿ, ಒಬ್ಬರ ಕೈಯಲ್ಲೇ ಆಗುತ್ತಿದ್ದರೆ ಮೆಷಿನ್ ಬಿಚ್ಚಬೇಡ, ಪಕ್ಕದಲ್ಲಿ ನಿಂತು ನೋಡು. ಶುಕ್ರವಾರ ಕಾಡಿ ಬೇಡಿ ಅವರನ್ನು ಎಬ್ಬಿಸಿ ಕರೆತಂದೆ. "ನನಗೋಸ್ಕರ ಒಂದೇ ಸಲ ಮಾವ" ಎಂದೆ. ಪಕ್ಕದಲ್ಲಿ ನಿಂತೆ. ಒರೆಸುವ ಬಟ್ಟೆಯನ್ನು ಮುಟ್ಟಲಿಲ್ಲ.

ಕೆಂಪು ದೀಪ. ಅವರು ವಾಪಸು ಹೋದರು. ನಾನು ಆ ಕ್ಯಾಪ್ಸುಲನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಅಂಚಿನ ಸುತ್ತ ಸಣ್ಣ ಸಣ್ಣ ಗೆರೆಗಳಿರುತ್ತವೆ. ಮೆಷಿನ್ನಿನೊಳಗಿನ ಒಂದು ಗಾಜಿನ ಕಣ್ಣು ಆ ಗೆರೆಗಳನ್ನು ಓದಿ, ಇದು ಕ್ಯಾಪ್ಸುಲ್ ಹೌದು ಎಂದು ತಿಳಿದ ಮೇಲೆಯೇ ನೀರು ಬಿಡುತ್ತದೆ. ಗೆರೆಗಳ ಮೇಲೆ ಬೂದು ಬಣ್ಣದ ಮೂರು ಬೆರಳಿನ ಗುರುತು. ಒಳಗಿನ ಗಾಜನ್ನು ಹತ್ತಿಯಿಂದ ಒರೆಸಿದೆ, ಹತ್ತಿಯೂ ಬೂದು ಬಣ್ಣಕ್ಕೆ ತಿರುಗಿತು. ಮೂಗಿನ ಹತ್ತಿರ ಹಿಡಿದೆ. ವಿಭೂತಿ.

ಮಾವ ಸ್ನಾನವಾದ ಮೇಲೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗೆ, ತೋಳಿಗೆ, ಎದೆಗೆ ಇಟ್ಟುಕೊಂಡು, ತಮ್ಮ ಕೊರಳ ಕರಡಿಗೆಯಿಂದ ಅತ್ತೆ ತೆಗೆದುಕೊಟ್ಟ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ಪೂಜೆಯಾಗದೆ ಕಾಫಿ ಬಾಯಿಗಿಲ್ಲ. ವಿಭೂತಿ ಹಚ್ಚುವುದು ಎಡಗೈಯ ಮೂರು ಬೆರಳು. ಕ್ಯಾಪ್ಸುಲ್ ಹಿಡಿಯುವುದೂ ಅದೇ ಮೂರು ಬೆರಳು. ಅವರು ಕೈ ತೊಳೆಯದ ಮನುಷ್ಯರೇನಲ್ಲ. ಹೋಟೆಲಿನಲ್ಲಿ ಸಪ್ಲೈಯರುಗಳ ಉಗುರು ನೋಡಿ ಒಳಗೆ ಬಿಡುತ್ತಿದ್ದವರು. ಆದರೆ ಒಂದು ಕೈ ತನ್ನನ್ನು ತಾನು ತೊಳೆದುಕೊಳ್ಳಲಾರದು. ಉಜ್ಜಲು ಇನ್ನೊಂದು ಕೈ ಬೇಕು. ಅವರು ಚೊಂಬಿನಲ್ಲಿ ಬೆರಳು ಅದ್ದಿ, ಹೆಗಲ ಟವೆಲ್ಲಿಗೆ ಒರೆಸಿಕೊಂಡು ಬರುತ್ತಿದ್ದರು. ಬೆರಳ ಸಂದಿಯಲ್ಲಿ ಉಳಿದದ್ದು ಉಳಿದೇ ಇರುತ್ತಿತ್ತು. ಭಾನುವಾರ ಅದೇ ಕೈಯಲ್ಲಿ ಊಟ ಮಾಡಿ ಬಂದಿದ್ದರು, ಅಷ್ಟರಲ್ಲಿ ವಿಭೂತಿ ಹೋಗಿತ್ತು, ಅದಕ್ಕೇ ಹಸಿರು. ಇಷ್ಟು ದಿನ ನಾನು ಬಂದವಳೇ ಮೊದಲು ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದೆನಲ್ಲ, ತಪ್ಪಿನ ಗುರುತನ್ನು ದಿನಾ ಅಳಿಸುತ್ತಿದ್ದವಳು ನಾನೇ.

ಹೋಗಿ ಹೇಳಿದೆ. "ಮಾವ, ಅದು ಎಡಗೈ ಅಂತ ಅಲ್ಲ. ನಿಮ್ಮ ಬೆರಳಲ್ಲಿ ವಿಭೂತಿ ಇರುತ್ತೆ, ಮೆಷಿನ್ನಿಗೆ ಕಣ್ಣು ಕಾಣ್ಸಲ್ಲ, ಅಷ್ಟೇ. ನಾನು ಸೋಪು ಹಾಕಿ ಉಜ್ಜಿ ಕೊಡ್ತೀನಿ."

"ನನ್ ಕೈಯ ಇನ್ನೊಬ್ರು ತೊಳ್ಯೋ ಅಂಗಾದ್ನಾ ನಾನು?" ಎಂದರು. ಎಡಗೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡು, "ತೊಳುದ್ರೂ ಎಡಗೈ ಎಡಗೈನೇ ಕಣವ್ವ. ಮಾಡಿ ಯಾರ್ಗೆ ಕೊಡ್ಲಿ? ಯಾರ್ ಇಸ್ಕೊಂಡಾರು?"

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಮಾವ, ನೀವು ಲಿಂಗ ಯಾವ ಕೈಲಿ ಇಟ್ಕೋತೀರಿ?"

ನಮ್ಮಲ್ಲಿ ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ. ಲಕ್ವ ಹೊಡೆಯುವ ಮೊದಲೂ ಅಲ್ಲೇ, ಆಮೇಲೂ ಅಲ್ಲೇ. ಎಲ್ಲ ಲಿಂಗವಂತರ ಮನೆಯಲ್ಲೂ ದಿನಾ ನೋಡುವ ಸಂಗತಿ. ನಾನೂ ಅದನ್ನು ಹೀಗೆ ಯೋಚಿಸಿದ್ದು ಆ ಕ್ಷಣದಲ್ಲೇ. "ದೇವರು ಕೂರೋ ಕೈ ಅದು. ಅದರಲ್ಲಿ ಕೊಟ್ಟ ಕಾಫಿ ನಮಗೆ ಆಗಲ್ವಾ?" ಎಂದೂ ಸೇರಿಸಿದೆ.

ಮಾವ ತಮ್ಮ ಎಡ ಅಂಗೈಯನ್ನು ಮೇಲೆ ಮಾಡಿ ನೋಡಿಕೊಂಡರು. ಅಡುಗೆಮನೆಯಿಂದ ಅತ್ತೆ, "ಮಾವಂಗೆ ಅಂಗಾ ಎದುರು ಮಾತಾಡದು?" ಎಂದು ಗದರಿದರು. ಬಸ್ಸಿಗೆ ಹೊತ್ತಾಗಿತ್ತು, ಹೊರಟೆ. ಬೇಗೂರು ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಲಿಂಗದ ವಿಷಯ ಎತ್ತಬಾರದಿತ್ತು, ಕಾಯಿಲೆ ಮನುಷ್ಯನಿಗೆ ಬುದ್ಧಿ ಹೇಳಲು ನಾನು ಯಾರು ಎಂದು ಕಣ್ಣಲ್ಲಿ ನೀರು ಬಂತು.

ಶನಿವಾರ ಬೆಳಿಗ್ಗೆ ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದೆ. ಹಿಂದೆ ಕಾಲೆಳೆಯುವ ಸದ್ದು. ಮಾವ ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ನಿಂತರು. ನನ್ನ ಮುಖ ನೋಡದೆ ಎಡಗೈಯನ್ನು ನಲ್ಲಿಯ ಕೆಳಗೆ ಚಾಚಿದರು.

"ಊಂ, ಸೋಪಾಕು" ಎಂದರು.

ನಾನು ಉಜ್ಜಿದೆ. ಒಂದೊಂದು ಬೆರಳು, ಬೆರಳ ಸಂದಿ, ಉಗುರಿನ ಬುಡ. ಮಗುವಿನ ಕೈ ತೊಳೆದ ಹಾಗೆ ತೊಳೆಯಬಾರದು ಎಂದು ಎಚ್ಚರದಿಂದ, ಬೇಗಬೇಗ, ಕೆಲಸದ ಹಾಗೆ ತೊಳೆದೆ. ಅವರು ಟವೆಲ್ಲಿಗೆ ಒರೆಸಿಕೊಂಡು ಮೆಷಿನ್ನಿನ ಮುಂದೆ ನಿಂತರು. ಮುಚ್ಚಳ, ಕ್ಯಾಪ್ಸುಲ್, ಗುಂಡಿ. ಹಸಿರು ದೀಪ. ಡಿಕಾಕ್ಷನ್ ಇಳಿದು ನಿಂತ ಮೇಲೆ ಲೋಟವನ್ನು ಎಡಗೈಯಲ್ಲಿ ಎತ್ತಿ, ನನ್ನ ಕಡೆಗೆ ನಾಲ್ಕು ಹೆಜ್ಜೆ ಬಂದರು. ಕಾಫಿ ಅಂಚಿನವರೆಗೆ ತುಳುಕಿತು, ಚೆಲ್ಲಲಿಲ್ಲ.

"ಇಸ್ಕೊ."

ಎರಡೂ ಕೈ ಒಡ್ಡಿ ಇಸಿದುಕೊಂಡೆ. ನಿಜ ಹೇಳಬೇಕೆಂದರೆ ಹೋಟೆಲಿನ ಕಾಫಿಯ ಕಾಲು ಭಾಗವೂ ಇರಲಿಲ್ಲ. "ಎಂಗದೆ?" ಎಂದು ಕೇಳಿದರು. "ಸುಮಾರಾಗಿದೆ" ಎಂದೆ. ಸುಳ್ಳು ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಅವರು ಹಾಲಿನ ಪಾತ್ರೆಯ ಹತ್ತಿರ ಹೋಗಿ ಎಡಗೈ ಬೆರಳು ಮಡಿಸಿ ಒತ್ತಿದರು, ಸುಟ್ಟು ಕೈ ಕೊಡವಿಕೊಂಡರು, ಆಮೇಲೆ ಅತ್ತೆಯ ಕಡೆ ತಿರುಗಿ, "ಆಲ ಇಂಗೆ ಕೊತಕೊತ ಕುದ್ಸಿದ್ರೆ ಕಾಫಿ ಎಲ್ಲಿಂದ ಚೆನ್ನಾಗಾಯ್ತದೆ? ಇಷ್ಟು ವರ್ಸ ಆದ್ರೂ ಕಲೀಲಿಲ್ವಲ್ಲ ನೀನು" ಎಂದರು. ಅತ್ತೆ ಸೌಟು ಹಿಡಿದುಕೊಂಡೇ ಅಳಲು ಶುರು ಮಾಡಿದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಮುಂದೆ ಮೂರು ವರ್ಷ ನಮ್ಮ ಮನೆಯ ಕಾಫಿ ಅವರದೇ. ಮೆಷಿನ್ನಿನ ವೈದ್ಯರೂ ಅವರೇ ಆದರು. ಗೊರಗೊರ ಸದ್ದು ಬಂದರೆ ಒಳಗೆ ಗಾಳಿ ಸೇರಿದೆ, ಬರೀ ನೀರು ಬಿಡು. ನಿಧಾನ ಇಳಿದರೆ ನಿಂಬೆ ಉಪ್ಪಿನ ಹೊತ್ತಾಯಿತು. ಕೆಳಗಿನ ತಟ್ಟೆ ತುಂಬಿ ಒಸರಿದರೆ ಅದು ಅಳುತ್ತಿದೆ, ಚೆಲ್ಲಿ ಬಾ. ನಾನು ಓದಿದ ಪುಸ್ತಕದಲ್ಲಿ ಇದರ ಅರ್ಧವೂ ಇರಲಿಲ್ಲ. ಬೋರಿನ ನೀರು ಬೇಡವೆಂದು ಕ್ಯಾನ್ ನೀರು ತರಿಸಿದರು. ಬಂದವರಿಗೆಲ್ಲ ಕಾಫಿ ಕೊಟ್ಟರು, ಕೈಯಿಂದ ಕೈಗೆ. ಒಂದು ಸಲ ಹಿರಿಯ ಬೀಗರೊಬ್ಬರು ಚಾಚಿದ ಆ ಎಡಗೈಯನ್ನು ನೋಡಿ ತಡೆದರು. ಅವರ ಕೈ ಮುಂದೆ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾವ ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಮೇಜಿನ ಮೇಲೆ ಇಡಲೂ ಇಲ್ಲ.

"ಲಿಂಗ ಇಡೋ ಕೈ ಕಣ್ರಪ್ಪ ಇದು. ಇಸ್ಕೊಳಿ, ಆರೋಯ್ತದೆ" ಎಂದರು.

ಬೀಗರು ಇಸಿದುಕೊಂಡರು. ಇನ್ನೊಂದು ಲೋಟವನ್ನೂ ಕೇಳಿ ಕುಡಿದರು.

ನಾನು ಅವರಿಂದ ಕಲಿತದ್ದನ್ನು ನಮ್ಮ ಲೈನಿನಲ್ಲಿ ದಿನಾ ಬಳಸುತ್ತೇನೆ. ಒಬ್ಬಳ ಪೀಸುಗಳು ಮಾತ್ರ ರಿಜೆಕ್ಟ್ ಆಗುತ್ತಿದ್ದರೆ, ಲೈನಿನ ಆ ಮಾತು ಗೊತ್ತಿದ್ದೂ ಮೊದಲೆಲ್ಲ ಅವಳನ್ನು ಕರೆದು ಬೈಯುತ್ತಿದ್ದೆ. ಈಗ ಹೋಗಿ ಅವಳ ಪಕ್ಕ ನಿಲ್ಲುತ್ತೇನೆ. ಕೆಲಸ ಮಾಡಲು ಬಾರದವರಿಗಿಂತ, ಮಾಡುವ ಆಸೆಯಿದ್ದೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡವರೇ ಹೆಚ್ಚು. ಇದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಇವತ್ತು ನನ್ನನ್ನು ಸೂಪರ್‌ವೈಸರ್ ಎಂದು ಕರೆಯುತ್ತಾರೆ, ಅದರಲ್ಲಿ ಮಾವನ ಪಾಲು ದೊಡ್ಡದು.

ಹೋದ ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ, ನಲ್ಲಿಯ ಹತ್ತಿರ ಸೋಪು ತೆಗೆದಿಟ್ಟುಕೊಂಡು ಕಾದೆ. ಮಾವ ಬರಲಿಲ್ಲ. ದೇವರ ಕೋಣೆಗೆ ಹೋಗಿ ನೋಡಿದರೆ ಪೂಜೆ ಮುಗಿದಿತ್ತು. ಲಿಂಗ ಕರಡಿಗೆ ಸೇರಿ ಕೊರಳಲ್ಲಿತ್ತು. ಗೋಡೆಗೆ ಒರಗಿ ಕೂತಿದ್ದರು. ಕೂಗಿದೆ, ಭುಜ ಹಿಡಿದು ಅಲುಗಿಸಿದೆ. ಉಸಿರು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೆಂಟರು, ಹಳೇ ಗಿರಾಕಿಗಳು, ಲಾರಿಯವರು ತುಂಬಿಹೋದರು. ಮೈಗೆ ನೀರು ಹಾಕಿ, ಹೊಸ ಪಂಚೆ ಉಡಿಸಿ, ಕುರ್ಚಿಯ ಮೇಲೆ ಕೂರಿಸಿದರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕರಡಿಗೆ ಬಿಚ್ಚಿ, ಅಂಗೈಯಲ್ಲಿ ಲಿಂಗ ಇಡಬೇಕು, ಎಡಗೈಗೆ ಇನ್ನೊಂದಿಷ್ಟು ನೀರು ಹಾಕಿ ಎಂದರು. ಯಾರೋ ಗಂಡಸರು ಚೊಂಬು ಹಿಡಿದು ಮುಂದೆ ಬಂದರು. ನಾನು ಚೊಂಬು ಕಿತ್ತುಕೊಂಡು, ಒಳಗಿನಿಂದ ಸೋಪು ತಂದು, ಅವರ ಕಾಲ ಬಳಿ ಕೂತೆ. ಆ ಕೈಯನ್ನು ಬಿಡಿಸಿದೆ. ಮೈಗೆಲ್ಲ ನೀರು ಹಾಕಿದ್ದರೂ ಬೆಳಗಿನ ವಿಭೂತಿ ಬೆರಳ ಸಂದಿಯಲ್ಲಿ ಹಾಗೇ ಇತ್ತು.

ಉಜ್ಜತೊಡಗಿದೆ. ಅಯ್ಯನವರು ಮೆತ್ತಗೆ, "ಸಾಕು ಬುಡವ್ವ, ಒತ್ತಾಯ್ತದೆ" ಎಂದರು.

"ಇನ್ನೊಂದು ಬೆರಳು ಅದೆ ಅಯ್ನೋರೆ" ಎಂದೆ. "ಅದು ನನ್ನ ಕೆಲಸ."